ಲಿಫ್ಟಿನ ಬಾಗಿಲಿಗೆ ಶೇಕಡಾ ಮೂವತ್ತು

ನಮ್ಮ ಕಟ್ಟಡದಲ್ಲಿ ಖಜಾಂಚಿಯನ್ನು ಆರಿಸುವ ಪದ್ಧತಿ ಬಹಳ ಸುಲಭ. ಸಭೆಗೆ ಯಾರು ಬರುವುದಿಲ್ಲವೋ ಅವರೇ ಖಜಾಂಚಿ. ಬಂದವರೆಲ್ಲ ನನಗೆ ಬಿಪಿ, ನನಗೆ ಮೊಮ್ಮಗು ಎಂದು ಕಾರಣ ಹೇಳಿ ಮುಗಿಸುವ ಹೊತ್ತಿಗೆ, ಬಾಯಿಬಿಟ್ಟು ಬೇಡ ಎನ್ನಲು ಅಲ್ಲಿಲ್ಲದ ಮನುಷ್ಯನ ಹೆಸರು ತಾನಾಗಿ ಮೇಲೆ ಬರುತ್ತದೆ. ಆದ್ದರಿಂದ ನಮ್ಮ ಸಭೆಗಳಿಗೆ ಹಾಜರಾತಿ ಯಾವಾಗಲೂ ಚೆನ್ನಾಗಿರುತ್ತದೆ. ಜ್ವರ ಬಂದವರು ಕಂಬಳಿ ಹೊದ್ದು ಬರುತ್ತಾರೆ.

ಆ ವರ್ಷ ನಾನು ಹೋಗಲಿಲ್ಲ. ನಾನು ಹಲ್ಲಿನ ಸೆಟ್ಟು ಮಾಡುವವಳು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ವಸಡು ಬೇಯಿಸಿ, ತಿಕ್ಕಿ ಹೊಳಪು ಕೊಟ್ಟು ವಾಪಸ್ ಕಳಿಸುತ್ತೇನೆ. ಐದನೆಯ ಮಹಡಿಯ ನಮ್ಮ ಮನೆಯಲ್ಲಿ ಅಡುಗೆಮನೆ ಪಕ್ಕದ ಕೋಣೆಯೇ ನನ್ನ ಕಾರ್ಖಾನೆ. ಸಭೆಯ ಮಾರನೆಯ ದಿನ ಯಾರೋ ಒಬ್ಬ ತಾತ ಮೊಮ್ಮಗಳ ಮದುವೆಯಲ್ಲಿ ನಗಬೇಕಿತ್ತು. ಅವರ ಮೇಲಿನ ಸಾಲು ನನ್ನ ಕೈಯಲ್ಲಿತ್ತು. ತಾತ ನಕ್ಕರು, ನಾನು ಖಜಾಂಚಿಯಾದೆ.

ಕಟ್ಟಡದವರು ನನ್ನನ್ನು ಹಲ್ಲಕ್ಕ ಎನ್ನುತ್ತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ ಎನ್ನುತ್ತಾರೆ. ನಾನು ಸಿಡುಕಿ ಎಂಬುದನ್ನು ಮಾತ್ರ ಬೆನ್ನ ಹಿಂದೆ ಹೇಳುತ್ತಾರೆ, ಅದೂ ನನಗೆ ಕೇಳಿಸುವಷ್ಟು ದೂರದಲ್ಲಿ ನಿಂತು.

ಖಜಾಂಚಿಗೆ ದೊಡ್ಡ ಕೆಲಸವೇನಿಲ್ಲ. ತಿಂಗಳಿಗೊಮ್ಮೆ ಎಲ್ಲರ ಬಾಗಿಲು ತಟ್ಟಿ ಪಂಪಿನ ಖರ್ಚಿಗೆ, ಮೆಟ್ಟಿಲು ಗುಡಿಸುವವರಿಗೆ ಎಂದು ದುಡ್ಡು ಕೇಳಬೇಕು, ಎಲ್ಲರ ಮುಖ ಸಪ್ಪಗಾಗುವುದನ್ನು ನೋಡಬೇಕು. ಜೊತೆಗೆ ಲಿಫ್ಟಿನ ನಿಧಿ ಕಾಯಬೇಕು. ನಮ್ಮ ಲಿಫ್ಟು ಕಟ್ಟಡದಷ್ಟೇ ಹಳೆಯದು. ಅದು ಕೆಮ್ಮಲು ಶುರುಮಾಡಿದಾಗಲೇ, ಆರು ವರ್ಷದ ಹಿಂದೆ, ಹೊಸದಕ್ಕೆಂದು ಎಲ್ಲ ಮನೆಯವರೂ ಕಂತು ಕಟ್ಟಲು ಆರಂಭಿಸಿದ್ದರು. ಒಂದೂವರೆ ವರ್ಷದ ಕೆಳಗೆ ಲಿಫ್ಟು ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ನಿಂತಿತು. ನಿಂತದ್ದು ನಿಂತೇ ಹೋಯಿತು. ಇದಕ್ಕೆ ಬಿಡಿಭಾಗ ಮಾಡುವವರೇ ಈಗ ಯಾರೂ ಉಳಿದಿಲ್ಲ ಎಂದರು ನೋಡಲು ಬಂದವರು. ನಾನು ಖಜಾಂಚಿಯಾಗುವ ಹೊತ್ತಿಗೆ ಹೊಸ ಲಿಫ್ಟಿನ ಬೆಲೆಯ ಮುಕ್ಕಾಲು ಪಾಲು ಕೂಡಿತ್ತು. ಕಂತು ಒಂದಿಷ್ಟು ಹೆಚ್ಚಿಸಿದರೆ ಇನ್ನೊಂದು ವರ್ಷಕ್ಕೆ ಲಿಫ್ಟು ಬರುತ್ತಿತ್ತು.

ಲಿಫ್ಟು ಎಲ್ಲರಿಗೂ ಬೇಕಿತ್ತು. ನನ್ನ ಅಮ್ಮನಿಗೆ ಬೇಕಾದಷ್ಟು ಮಾತ್ರ ಯಾರಿಗೂ ಬೇಕಿರಲಿಲ್ಲ. ಅಮ್ಮನಿಗೆ ಎಂಬತ್ತನಾಲ್ಕು. ನಾಲಿಗೆ ಗಟ್ಟಿ, ಮಂಡಿ ಗಟ್ಟಿಯಿಲ್ಲ. ಎದುರಿನ ಕಟ್ಟಡದ ನೆಲಮಹಡಿಯಲ್ಲಿ ಅವಳ ತಂಗಿ, ಎಂದರೆ ನನ್ನ ಚಿಕ್ಕಮ್ಮ ಇದ್ದಾಳೆ. ಚಿಕ್ಕಮ್ಮನ ಮಂಡಿ ಚೆನ್ನಾಗಿದೆ, ಎದೆ ಚೆನ್ನಾಗಿಲ್ಲ. ಮೆಟ್ಟಿಲು ಹತ್ತಿ ನನ್ನ ಹೆಸರು ಕೆಡಿಸಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಹೀಗೆ ಇಳಿಯಲಾರದ ಅಕ್ಕ ಮೇಲೆ, ಹತ್ತಲಾರದ ತಂಗಿ ಕೆಳಗೆ, ನಡುವೆ ಒಂದು ರಸ್ತೆ. ಬೆಳಗಾದರೆ ಅಮ್ಮ ಕಿಟಕಿಗೆ ಬರುತ್ತಾಳೆ, ಚಿಕ್ಕಮ್ಮ ತನ್ನ ಬಾಗಿಲ ಮುಂದೆ ಕುರ್ಚಿ ಹಾಕಿಕೊಳ್ಳುತ್ತಾಳೆ, ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಫೋನಿನಲ್ಲಿ ಜಗಳಾಡುತ್ತಾರೆ.

"ನಿನ್ನ ನೋಡಿ ನೋಡಿ ನನ್ನ ಕುತ್ತಿಗೆ ಹಿಡ್ಕೊಂಡಿದೆ," ಎನ್ನುತ್ತಾಳೆ ಚಿಕ್ಕಮ್ಮ.

"ಅಕ್ಕ ಅಂದ್ರೆ ತಲೆ ಎತ್ತಿ ನೋಡ್ಬೇಕು ಅಂತ ಈ ವಯಸ್ಸಿಗಾದ್ರೂ ಗೊತ್ತಾಯ್ತಲ್ಲ," ಎನ್ನುತ್ತಾಳೆ ಅಮ್ಮ.

ಒಮ್ಮೆ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಲು ನೋಡಿದೆವು. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು ಎಂದು ಗಾದೆ. ನಮಗೆ ಹೊರುವವರು ನಾಲ್ವರು ಸಿಕ್ಕಿದರು, ಆದರೆ ನಾಲ್ವರೂ ಹುಕುಂ ಕೊಡುವವರೇ. ಮೊದಲ ತಿರುವಿನಲ್ಲೇ ಒಬ್ಬರು ಎಡಕ್ಕೆ ಎಂದರು, ಇನ್ನೊಬ್ಬರು ಬಲಕ್ಕೆ ಎಂದರು, ಕುರ್ಚಿ ಗೋಡೆಗೂ ಕಂಬಿಗೂ ನಡುವೆ ಸಿಕ್ಕಿಕೊಂಡಿತು. "ನಾನೇನು ಬೀರುವೇನ್ರೋ?" ಎಂದು ಅಮ್ಮ ಕೇಳಿದ್ದು ಮೂರು ಮಹಡಿಗೆ ಕೇಳಿಸಿತು. ಅಲ್ಲಿಂದಲೇ ವಾಪಸ್ ಹತ್ತಿಸಿದರು. "ಲಿಫ್ಟು ಬರ್ಲಿ, ಇಳೀತೀನಿ. ಅಲ್ಲೀವರೆಗೂ ಯಾರೂ ನನ್ನ ಮುಟ್ಬೇಡಿ," ಎಂದು ಬಿಟ್ಟಳು. ಅಕ್ಕತಂಗಿಯರು ಒಂದು ಕೋಣೆಯಲ್ಲಿ ಕೂತು ಒಂದೂವರೆ ವರ್ಷವಾಗಿತ್ತು. ಅಮ್ಮ ಅದನ್ನು ಬಾಯಿಬಿಟ್ಟು ಹೇಳುವವಳಲ್ಲ. ಲಿಫ್ಟಿನ ಕಂತು ಕಟ್ಟಿದೆಯಾ ಎಂದು ತಿಂಗಳ ಮೊದಲ ದಿನವೇ ಕೇಳುತ್ತಿದ್ದಳು, ಅಷ್ಟೆ.

ನಿಧಿ ಬ್ಯಾಂಕಿನ ಠೇವಣಿಯಲ್ಲಿತ್ತು, ನೂರಕ್ಕೆ ಆರರ ಬಡ್ಡಿಯಲ್ಲಿ. ನಾನು ಖಜಾಂಚಿಯಾದ ತಿಂಗಳೇ ಅದರ ಅವಧಿ ಮುಗಿಯಿತು. ಹಾಗೇ ಮುಂದುವರಿಸೋಣ ಎಂದುಕೊಂಡಿದ್ದೆ. ಆಗ ಬಂದರು ಸ್ಕೋರು ಮಾವ.

ಸ್ಕೋರು ಮಾವ ನೆಲಮಹಡಿಯವರು, ಒಂಟಿ ಜೀವ. ಕ್ರಿಕೆಟ್ ಮೈದಾನದಲ್ಲಿ ಸ್ಕೋರ್ ಬೋರ್ಡಿಗೆ ತಗಡಿನ ಅಂಕಿ ತೂಗುಹಾಕುವುದು ಅವರ ಕೆಲಸವಾಗಿತ್ತು, ಮೂವತ್ತು ವರ್ಷ. ಬೋರ್ಡಿನ ಹಿಂದೆ ಏಣಿ. ಅಂಕಿ ಕಂಕುಳಲ್ಲಿ ಇಟ್ಟುಕೊಂಡು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಅಲ್ಲಿ ನಿಂತವರಿಗೆ ಆಟ ಕಾಣುವುದಿಲ್ಲ. ಎಷ್ಟು ಹಾಕಬೇಕೆಂದು ಫೋನಿನಲ್ಲಿ ಹೇಳುತ್ತಾರೆ, ಇವರು ಹಾಕುತ್ತಾರೆ, ಆಚೆ ಕಡೆ ಜನ ಚಪ್ಪಾಳೆ ತಟ್ಟುತ್ತಾರೆ. ಇಡೀ ನೌಕರಿಯಲ್ಲಿ ಒಂದು ಚೆಂಡನ್ನೂ ನೋಡದ ಮನುಷ್ಯ. ಆದರೆ ಅಂಕಿ ಮೇಲೆ ಹೋದರೆ ಜನಕ್ಕೆ ಖುಷಿಯಾಗುತ್ತದೆ ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ನಿವೃತ್ತಿಯ ದಿನ ಹಳೆಯ ತಗಡುಗಳನ್ನು ಗುಜರಿಗೆ ಹಾಕುವ ಬದಲು ಅವರಿಗೇ ಕೊಟ್ಟು ಕಳಿಸಿದರಂತೆ. ಲಿಫ್ಟಿನ ಅಗತ್ಯವೇ ಇಲ್ಲದ ನೆಲಮಹಡಿಯಲ್ಲಿದ್ದುಕೊಂಡು, ಆರು ವರ್ಷ ಒಂದು ಕಂತೂ ತಪ್ಪಿಸದೆ ಕೊಟ್ಟವರೂ ಅವರೊಬ್ಬರೇ. ಅದನ್ನು ಮರೆಯಬಾರದು. ನಡುವೆ ನಾನು ಮರೆತಿದ್ದೆ.

ಪೇಪರನ್ನು ಉದ್ದಕ್ಕೆ ಮಡಚಿ, ಅಂಗೈಯಗಲ ಮಾಡಿಕೊಂಡು ಬಂದಿದ್ದರು.

"ನೂರಕ್ಕೆ ಆರು ಅಂದ್ರೆ ಬಡ್ಡಿಯಲ್ಲಮ್ಮ ಹಲ್ಲಕ್ಕ, ಭಿಕ್ಷೆ," ಎಂದರು. "ಇಲ್ಲಿ ನೋಡು, ಇಳುವರಿ ಅಂತ ಒಂದು ಕಾಲಂ ಇದೆ."

"ಇದೇನು ಹೊಲವೇ ಮಾವ, ಇಳುವರಿ ನೋಡೋಕೆ?"

"ಹೊಲದ ಹಾಗೇ ಅಂತ ತಿಳ್ಕೋ. ಶೇರಿಗೆ ಒಂದು ಬೆಲೆ ಇರುತ್ತೆ. ಕಂಪನಿ ವರ್ಷಕ್ಕಿಷ್ಟು ಅಂತ ಲಾಭ ಹಂಚುತ್ತೆ, ಡಿವಿಡೆಂಡು. ಆ ಬೆಲೆಗೆ ಈ ಡಿವಿಡೆಂಡು ನೂರಕ್ಕೆ ಎಷ್ಟಾಯ್ತು ಅನ್ನೋದೇ ಇಳುವರಿ. ಈ ಲಕೋಟೆ ಕಂಪನಿ ನೋಡು. ಶೇರಿಗೆ ನೂರು. ವರ್ಷದಲ್ಲಿ ಎರಡು ಸಲ ಆರಾರು ಕೊಡ್ತಾರೆ, ಒಟ್ಟು ಹನ್ನೆರಡು. ಹನ್ನೆರಡು ಪರ್ಸೆಂಟು. ಇಡೀ ಪೇಜಿಗೆ ಇವನೇ ಫಸ್ಟು."

ಸಭೆ ಸೇರಿತು. ಎಲ್ಲರೂ ಬಂದಿದ್ದರು, ಖಜಾಂಚಿಯ ಸ್ಥಾನ ಖಾಲಿಯಿಲ್ಲ ಎಂದು ಗೊತ್ತಿದ್ದರೂ ಅಭ್ಯಾಸಬಲ. ನಮ್ಮ ಅಧ್ಯಕ್ಷರು ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಎಲ್ಲದಕ್ಕೂ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಮಾತಾಡುತ್ತಾರೆ. "ಇದರಲ್ಲಿ ಅಪಾಯ ಏನಿಲ್ವಾ?" ಎಂದು ಕೇಳಿದರು.

"ಲಕೋಟೆ ಸಾರ್ ಅದು, ಬಾಂಬಲ್ಲ," ಎಂದರು ಮಾವ.

ಎಲ್ಲರೂ ನಕ್ಕರು, ನಗುತ್ತಲೇ ಕೈ ಎತ್ತಿದರು. ನಾನೂ ಎತ್ತಿದೆ. ಹನ್ನೆರಡು ಎಂಬುದು ಆರರ ಎರಡರಷ್ಟು ಎನ್ನುವ ಮಟ್ಟಿಗೆ ಗಣಿತ ನನಗೂ ಬರುತ್ತದೆ. ನೀವು ಕೊನೆಯ ಸಲ ಲಕೋಟೆ ಕೊಂಡದ್ದು ಯಾವಾಗ ಎಂದು ಅಲ್ಲಿದ್ದವರಲ್ಲಿ ಒಬ್ಬರೂ ಒಬ್ಬರನ್ನು ಕೇಳಲಿಲ್ಲ. ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಶೇರು ಕೊಂಡ ದಿನ ಮಾವ ನೆಲಮಹಡಿಯಲ್ಲಿ ಲಿಫ್ಟಿನ ಬಾಗಿಲಿಗೆ ಎರಡು ಕೊಕ್ಕೆ ಹೊಡೆದು, ತಗಡಿನ ಒಂದು ಮತ್ತು ಎರಡನ್ನು ತೂಗುಹಾಕಿದರು. ಮೆಟ್ಟಿಲು ಹತ್ತುವ ಮುನ್ನ ಎಲ್ಲರ ಕಣ್ಣಿಗೆ ಬೀಳಲಿ ಎಂದು. ಬಿದ್ದಿತು. ಕೆಲವು ವಾರ ಕಳೆಯುವುದರೊಳಗೆ ಹನ್ನೆರಡು ಹೋಗಿ ಹದಿನೈದು ಬಂತು.

"ಏರ್ತಾ ಇದೆ," ಎಂದರು ಮಾವ, ತಮಗೇನೂ ಸಂಬಂಧವಿಲ್ಲ ಎಂಬಂತೆ.

ಆಮೇಲೆ ಇಪ್ಪತ್ತು. ನಮ್ಮ ಕಟ್ಟಡದಲ್ಲಿ ಅಂಥ ಒಗ್ಗಟ್ಟು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ನೀರಿನ ಜಗಳದಲ್ಲಿ ಮಾತು ಬಿಟ್ಟಿದ್ದ ಎರಡು ಮನೆಯವರು ಲಿಫ್ಟಿನ ಬಾಗಿಲ ಮುಂದೆ ನಿಂತು ಮಾತಾಡತೊಡಗಿದರು. ಹೊಸ ಲಿಫ್ಟಿನಲ್ಲಿ ಕನ್ನಡಿ ಬೇಕು ಎಂದರು ಒಬ್ಬರು. ಕೂರಲು ಒಂದು ಮಣೆಯಾದರೂ ಇರಲಿ ಎಂದರು ಇನ್ನೊಬ್ಬರು. ಇಪ್ಪತ್ತೈದು ಬಂದ ದಿನ ಅಧ್ಯಕ್ಷರು ತಮ್ಮ ಖರ್ಚಿನಲ್ಲಿ ಎಲ್ಲ ಮನೆಗೂ ಬಿಸ್ಕತ್ತಿನ ಪೊಟ್ಟಣ ಕಳಿಸಿದರು. ಬ್ರೇಕಿನಿಂದ ಕಾಲು ತೆಗೆದದ್ದು ಅದೇ ಮೊದಲು. ಬಾಗಿಲು ತಟ್ಟಿದರೆ ಕಂತಿನ ದುಡ್ಡು ಕೈಯಲ್ಲಿ ಹಿಡಿದೇ ಜನ ಬಾಗಿಲು ತೆಗೆಯುತ್ತಿದ್ದರು. ಖಜಾಂಚಿಗೆ ಇದಕ್ಕಿಂತ ಸುಖ ಬೇರೆ ಇಲ್ಲ.

ಕಿಟಕಿಯಲ್ಲೂ ಅದೇ ಮಾತು.

"ಇವತ್ತೆಷ್ಟು?" ಎಂದು ಚಿಕ್ಕಮ್ಮ ಕೇಳುವಳು.

"ಇಪ್ಪತ್ತೈದು ಕಣೇ. ಇನ್ನೇನು ಬಂದೆ ಅಂತ ಇಟ್ಕೋ. ಮನೆ ಸ್ವಲ್ಪ ಗುಡಿಸಿಟ್ಟಿರು."

"ನನ್ನ ಮನೆ ಯಾವಾಗ್ಲೂ ಗುಡಿಸಿಯೇ ಇರುತ್ತೆ. ನೀನು ಬಂದು ಕೊಳೆ ಮಾಡದಿದ್ರೆ ಸಾಕು."

ಫೋನಿಟ್ಟ ಮೇಲೆ ಅಮ್ಮ ಗೋಡೆ ಹಿಡಿದು ಕೋಣೆಯಿಂದ ಕೋಣೆಗೆ ನಡೆಯುವಳು. ಲಿಫ್ಟಿನಿಂದ ಇಳಿದು ರಸ್ತೆ ದಾಟಲು ಕಾಲು ಸಿದ್ಧವಿರಬೇಕಲ್ಲ. ಅವಳನ್ನು ನೋಡುತ್ತ ಮೇಣ ಕಾಯಿಸುತ್ತ ನಾನೂ ಖುಷಿಯಲ್ಲಿದ್ದೆ. ಆ ತಿಂಗಳು ನಾನು ಯಾರ ಮೇಲೂ ರೇಗಲಿಲ್ಲ ಎಂದು ಜನ ಈಗಲೂ ಹೇಳುತ್ತಾರೆ.

ಬೋರ್ಡಿನಲ್ಲಿ ಮೂವತ್ತು ಬಂದ ವಾರವೇ ಅರ್ಧ ವರ್ಷದ ಡಿವಿಡೆಂಡು ಬಂತು. ಮೂವತ್ತರ ಅರ್ಧ ಹದಿನೈದು. ಶೇರಿಗೆ ಹದಿನೈದರಂತೆ ಬರುತ್ತದೆ ಎಂದು ನಾನು ಲೆಕ್ಕ ಹಾಕಿ ಕೂತಿದ್ದೆ. ಬಂದದ್ದು ಆರು. ನನ್ನ ಪಿತ್ತ ನೆತ್ತಿಗೇರಿತು. ಪ್ಲಾಸ್ಟರ್ ಕೈಯಲ್ಲೇ ಐದು ಮಹಡಿ ಇಳಿದು ಮಾವನ ಬಾಗಿಲು ಬಡಿದೆ. ಅವರು ನೆಲದ ಮೇಲೆ ಕೂತು ತಗಡಿನ ನಾಲ್ಕಕ್ಕೆ ಎಣ್ಣೆ ಸವರುತ್ತಿದ್ದರು, ಮುಂದೆ ಬೇಕಾಗುತ್ತದೆಂದು.

"ಮಾವ, ಆ ಕಂಪನಿಯವರು ಕಳ್ಳರು," ಎಂದೆ. "ಹದಿನೈದು ಕೊಡೋ ಕಡೆ ಆರು ಕೊಟ್ಟಿದ್ದಾರೆ. ಒಂಬತ್ತು ನುಂಗಿದ್ದಾರೆ."

"ನುಂಗಿಲ್ಲಮ್ಮ. ನಾವು ನೂರಕ್ಕೆ ತಗೊಂಡಿದ್ದು. ನಮಗೆ ವರ್ಷಕ್ಕೆ ಹನ್ನೆರಡೇ. ಆ ಮೂವತ್ತು ಪರ್ಸೆಂಟು ಇವತ್ತು ಹೊಸದಾಗಿ ಶೇರು ತಗೊಳೋರಿಗೆ."

"ಮೊದ್ಲು ಬಂದ ನಮಗೆ ಕಮ್ಮಿ, ಈಗ ಬರೋರಿಗೆ ಜಾಸ್ತಿ. ಇದ್ಯಾವ ನ್ಯಾಯ?"

"ಅವರಿಗೂ ಜಾಸ್ತಿ ಕೊಡಲ್ಲ. ಅವರಿಗೂ ಅದೇ ಹನ್ನೆರಡು."

"ಹನ್ನೆರಡು ಹೇಗೆ ಮೂವತ್ತು ಪರ್ಸೆಂಟ್ ಆಗುತ್ತೆ?"

"ಅವರು ಕಮ್ಮಿ ಬೆಲೆಗೆ ತಗೋತಾರಲ್ಲ, ಅದಕ್ಕೆ."

"ಎಷ್ಟಕ್ಕೆ ತಗೋತಾರೆ?"

ಮಾವ ಉತ್ತರ ಕೊಡಲು ಬಾಯಿ ತೆರೆದರು, ತೆರೆದ ಬಾಯಿ ಹಾಗೇ ಇತ್ತು. ದಿನಕ್ಕೆ ಹತ್ತಾರು ಬಾಯಿಯ ಅಚ್ಚು ನೋಡುವವಳು ನಾನು, ಅಂಥ ಬಾಯಿ ನೋಡಿರಲಿಲ್ಲ. ಪಕ್ಕದಲ್ಲಿದ್ದ ಪೇಪರನ್ನು ತೆಗೆದುಕೊಂಡರು. ಅದು ಎಂದಿನಂತೆ ಇಳುವರಿಯ ಕಾಲಂ ಮಾತ್ರ ಕಾಣುವ ಹಾಗೆ ಮಡಚಿತ್ತು. ಮಡಿಕೆ ಬಿಚ್ಚಿದರು. ಪಕ್ಕದ ಕಾಲಮ್ಮಿನಲ್ಲಿ ಬೆಲೆ ಇತ್ತು.

"ನಲವತ್ತು," ಎಂದರು.

"ಏನು ನಲವತ್ತು?"

"ಶೇರು."

"ಅವರ ಶೇರೋ, ನಮ್ಮ ಶೇರೋ?"

"ಅವರದು ಬೇರೆ ನಮ್ಮದು ಬೇರೆ ಅಂತ ಇರಲ್ಲಮ್ಮ," ಎಂದರು, ಬಹಳ ಮೆಲ್ಲಗೆ.

ಆಗ ನಾನೇ ಪೆನ್ಸಿಲ್ ಹಿಡಿದು ಪೇಪರಿನ ಅಂಚಿನಲ್ಲಿ ಲೆಕ್ಕ ಮಾಡಿದೆ. ಕಂಪನಿ ಕೊಡುವುದು ಮೊದಲಿನಿಂದಲೂ ಹನ್ನೆರಡೇ. ಅದು ಕೂದಲೆಳೆಯಷ್ಟೂ ಏರಿಲ್ಲ. ಶೇರು ನೂರಿದ್ದಾಗ ಅದು ಹನ್ನೆರಡು ಪರ್ಸೆಂಟು. ಎಂಬತ್ತಕ್ಕೆ ಬಿದ್ದಾಗ ಅದೇ ಹನ್ನೆರಡು, ಹದಿನೈದು ಪರ್ಸೆಂಟು. ಅರವತ್ತಕ್ಕೆ ಬಿದ್ದಾಗ ಇಪ್ಪತ್ತು. ನಲವತ್ತೆಂಟಕ್ಕೆ ಇಪ್ಪತ್ತೈದು, ಬಿಸ್ಕತ್ತು ಹಂಚಿದ್ದು ಆವತ್ತೇ. ಲಿಫ್ಟಿನ ಬಾಗಿಲ ಮೇಲೆ ಅಂಕಿ ಏರಿದ್ದೆಲ್ಲ ನಮ್ಮ ಹಣ ಇಳಿದದ್ದರ ಸುದ್ದಿ. ನಮ್ಮದೇ ವಿಕೆಟ್ ಬಿದ್ದದ್ದಕ್ಕೆ ನಾವೇ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆವು.

ನಾನು ಏನೇನು ಅಂದೆನೋ ಈಗ ನೆನಪಿಲ್ಲ, ನೆನಪಿದ್ದರೂ ಬರೆಯುವಂಥದ್ದಲ್ಲ. ಅಮ್ಮನ ಹೆಸರು ಎತ್ತಿದ್ದಂತೂ ನಿಜ. ಮಾವ ಎಣ್ಣೆಯ ಬಟ್ಟೆಯನ್ನು ಮಡಚಿಟ್ಟು, "ನಾನು ಆಟ ನೋಡ್ಲಿಲ್ಲಮ್ಮ," ಎಂದರು.

ಮಾರನೆಯ ದಿನವೇ ಸಭೆ ಕರೆದೆ. ಶೇರು ಮಾರಿಬಿಡೋಣ, ಉಳಿದದ್ದನ್ನಾದರೂ ಉಳಿಸಿಕೊಳ್ಳೋಣ ಎಂದೆವು, ನಾನೂ ಮಾವನೂ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದುಕೊಂಡಿದ್ದೆ. ನಮ್ಮವರಿಗೆ ಕನ್ನಡಿ ತೋರಿಸಿದರೆ ಕನ್ನಡಿಯೇ ಸರಿಯಿಲ್ಲ ಎನ್ನುತ್ತಾರೆ.

"ಮೂವತ್ತು ಪರ್ಸೆಂಟು ಬಿಟ್ಟು ಯಾರಾದ್ರೂ ಬರ್ತಾರಾ?" ಎಂದರು ಮೂರನೆಯ ಮಹಡಿಯವರು. "ಬೆಲೆ ಇವತ್ತು ಬಿದ್ದಿದೆ, ನಾಳೆ ಏಳುತ್ತೆ. ಡಿವಿಡೆಂಡು ಬರ್ತಾ ಇದ್ಯಲ್ಲ."

"ಕಂಪನಿಗೆ ಕಷ್ಟ ಬಂದಿರೋದಕ್ಕೇ ಬೆಲೆ ಬಿದ್ದಿರೋದು," ಎಂದರು ಮಾವ. "ಆ ಹನ್ನೆರಡು ಹೋದ ವರ್ಷ ಕೊಟ್ಟಿದ್ದು. ಮುಂದೇನೂ ಕೊಡ್ತೀವಿ ಅಂತ ಯಾರೂ ಬರೆದುಕೊಟ್ಟಿಲ್ಲ. ಕೊಡದೇ ಹೋದ್ರೆ ಮೂವತ್ತೂ ಇಲ್ಲ, ಮೂರೂ ಇಲ್ಲ."

"ಹೋದ ಸಲ ತಗೊಳಿ ಅಂದಿದ್ದೂ ನೀವೇ ಅಲ್ವಾ?" ಎಂದು ಯಾರೋ ಅಂದರು. ಮಾವ ಕೂತುಬಿಟ್ಟರು.

ಕೊನೆಗೆ ಅಧ್ಯಕ್ಷರು ತೀರ್ಪು ಕೊಟ್ಟರು. "ಗಾಡಿ ಇಳಿಜಾರಿನಲ್ಲಿದೆ. ಗಾಬರಿ ಬೀಳಬಾರದು. ನ್ಯೂಟ್ರಲ್ಲಿಗೆ ಹಾಕಿ ಸ್ವಲ್ಪ ಕಾಯೋಣ." ಇಳಿಜಾರಿನಲ್ಲಿ ನ್ಯೂಟ್ರಲ್ಲಿಗೆ ಹಾಕಿದ ಗಾಡಿ ಏನಾಗುತ್ತದೆ ಎಂದು ಅವರ ಸ್ಕೂಲಿನಲ್ಲಿ ಕಲಿತವರನ್ನು ಕೇಳಬೇಕು. ಕೈ ಎತ್ತಿಸಿದರು. ಕಾಯುವುದು ಎಂದು ತೀರ್ಮಾನವಾಯಿತು.

ಹೆಚ್ಚು ದಿನ ಕಾಯಬೇಕಾಗಲಿಲ್ಲ. ಜನ ಲಕೋಟೆ ಕೊಳ್ಳುವುದನ್ನು ಬಿಟ್ಟಿದ್ದಾರೆ, ಆದ್ದರಿಂದ ಇನ್ನರ್ಧ ವರ್ಷದ ಡಿವಿಡೆಂಡು ಇರುವುದಿಲ್ಲ ಎಂದು ಕಂಪನಿ ತಿಳಿಸಿತು. ಮಾವ ಪೇಪರ್ ಓದಿ ಹೊರಗೆ ಬಂದರು. ಅಂಕಿ ಬದಲಿಸಲು ಏನೂ ತರಬೇಕಾಗಿರಲಿಲ್ಲ. ಮೂರನ್ನು ಕೊಕ್ಕೆಯಿಂದ ತೆಗೆದರು. ಸೊನ್ನೆ ಅಲ್ಲೇ ಇತ್ತು. ಮೆಟ್ಟಿಲ ಬುಡದಲ್ಲಿ ನಿಂತಿದ್ದವರು ಅದನ್ನು ನೋಡಿ ಒಬ್ಬೊಬ್ಬರೇ ಮೇಲೆ ಹೋದರು. ಆವತ್ತೇ ಶೇರು ಮಾರಿದೆವು. ನೂರು ಕೊಟ್ಟದ್ದಕ್ಕೆ ಇಪ್ಪತ್ತೈದು ಬಂತು.

ಮುಂದಿನ ಸಭೆಯಲ್ಲಿ ಯಾರಿಗೂ ಜಗಳವಾಡುವ ಶಕ್ತಿಯಿರಲಿಲ್ಲ. ಉಳಿದ ಹಣಕ್ಕೆ ಏನು ಮಾಡುವುದು ಎಂದು ಕೇಳಿದೆ. ಮಾವ ಎದ್ದರು. ಈ ಸಲ ಪೇಪರನ್ನು ಪೂರ್ತಿ ಬಿಚ್ಚಿ, ಇಬ್ಬರ ಕೈಯಲ್ಲಿ ಎರಡು ಕಡೆ ಹಿಡಿಸಿದ್ದರು.

"ಸರ್ಕಾರದ ಬಾಂಡು," ಎಂದರು. "ಅಂದ್ರೆ ಸರ್ಕಾರಕ್ಕೆ ನಾವು ಕೊಡೋ ಸಾಲ. ಮುಖಬೆಲೆ ನೂರು, ವರ್ಷಕ್ಕೆ ಆರು ಬಡ್ಡಿ. ಇವತ್ತು ಪೇಟೇಲಿ ತೊಂಬತ್ತಾರಕ್ಕೆ ಸಿಗುತ್ತೆ. ನಾಲ್ಕು ವರ್ಷಕ್ಕೆ ಅವಧಿ ಮುಗಿದಾಗ ಪೂರ್ತಿ ನೂರು ಕೊಡ್ತಾರೆ. ತೊಂಬತ್ತಾರಕ್ಕೆ ಆರು ಬಡ್ಡಿ, ಮೇಲೆ ಕೊನೇಲಿ ಹೆಚ್ಚಿಗೆ ಬರೋ ನಾಲ್ಕನ್ನ ನಾಲ್ಕು ವರ್ಷಕ್ಕೆ ಹಂಚಿಕೊಂಡ್ರೆ ವರ್ಷಕ್ಕೆ ಒಂದು. ಎಲ್ಲ ಸೇರಿ ಇಳುವರಿ ಏಳರ ಮೇಲೆ ಚೂರು. ಬ್ಯಾಂಕಿಗಿಂತ ಒಂದು ಜಾಸ್ತಿ, ಅಷ್ಟೇ."

"ನಡುವೆ ಇದರ ಬೆಲೆನೂ ಬಿದ್ರೆ?" ಎಂದು ಅಧ್ಯಕ್ಷರು ಕೇಳಿದರು.

"ಬೀಳಬಹುದು. ಬಿದ್ದಾಗ ಮಾರಿದ್ರೆ ನಷ್ಟ. ಮಾರದೆ ಕೊನೇವರೆಗೂ ಕೂತ್ರೆ ನೂರು ಬರುತ್ತೆ. ಅದಕ್ಕೇ ನಾಲ್ಕು ವರ್ಷ ಬೇಡದ ದುಡ್ಡು ಮಾತ್ರ ಇದಕ್ಕೆ ಹಾಕ್ಬೇಕು. ಬೋರ್ಡಿಗೆ ನಾನು ಏನೂ ಹಾಕಲ್ಲ."

ಮೂವತ್ತು ಕಂಡ ಕಣ್ಣಿಗೆ ಏಳು ಎಂದರೆ ಬೈಗುಳದ ಹಾಗೆ. ಆದರೂ ಒಪ್ಪಿದರು. ಕಂತನ್ನು ಹೆಚ್ಚಿಸಿ, ಇದರ ಬಡ್ಡಿ ಸೇರಿಸಿದರೆ, ನಾಲ್ಕು ವರ್ಷಕ್ಕೆ ಲಿಫ್ಟು. ನಾನು ಮೇಲೆ ಬಂದು ಅಮ್ಮನಿಗೆ ಹೇಳಿದೆ. ಬೇರೆ ಯಾರ ಬಾಯಿಂದಲೋ ಕೇಳುವುದಕ್ಕಿಂತ ನಾನೇ ಹೇಳುವುದು ವಾಸಿ ಎನಿಸಿತು.

ಅಮ್ಮ ಕಿಟಕಿಯ ಹತ್ತಿರ ಕೂತಿದ್ದಳು. ಎಲ್ಲ ಕೇಳಿದಳು.

"ನಾಲ್ಕು ವರ್ಷವಾ?" ಎಂದಳು. "ನಿಮ್ಮ ಬಾಂಡು ಹಣ್ಣಾಗೋ ಹೊತ್ತಿಗೆ ನಾನು ಉದುರಿರ್ತೀನಿ ಕಣೇ."

ಹೇಳಿ ತಾನೇ ನಕ್ಕಳು. ಆಮೇಲೆ ಫೋನ್ ಮಾಡಿ ಚಿಕ್ಕಮ್ಮನಿಗೂ ಅದೇ ಮಾತು ಹೇಳಿದಳು, ಚೆನ್ನಾಗಿ ಬಂದ ಮಾತು ವ್ಯರ್ಥವಾಗಬಾರದೆಂದು. ಆ ಕಡೆಯಿಂದ ನಗು ಕೇಳಿಸಲಿಲ್ಲ. ನಾನು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಕಲಸಿಟ್ಟ ಪ್ಲಾಸ್ಟರ್ ಬಟ್ಟಲಲ್ಲೇ ಗಟ್ಟಿಯಾಯಿತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಹಲ್ಲನ್ನಾದರೆ ನಾನು ಮಾಡಿಕೊಡಬಲ್ಲೆ. ವರ್ಷಗಳನ್ನು ಯಾವ ಅಚ್ಚಿನಲ್ಲಿ ಹೊಯ್ಯಲಿ?

ಮರುದಿನ ಬೆಳಿಗ್ಗೆ ಮಾವ ಮೇಲೆ ಬಂದರು. ಕೈಯಲ್ಲಿ ಅಳತೆಯ ಟೇಪು. ನಾನು ಮುಖ ಗಂಟು ಹಾಕಿಕೊಂಡೇ ಬಾಗಿಲು ತೆಗೆದೆ. ಅವರು ನೇರ ಒಳಗೆ ಹೋಗಿ ಅಮ್ಮನ ಕೋಣೆಯ ಗೋಡೆಗೆ ಟೇಪು ಹಿಡಿದರು.

"ಏನು ಅಳೀತಿದ್ದೀಯ ಸ್ಕೋರಪ್ಪ?" ಎಂದು ಅಮ್ಮ ಕೇಳಿದಳು.

"ನನ್ನ ಮಂಚ ಇಲ್ಲಿ ಹಿಡಿಯುತ್ತಾ ಅಂತ ನೋಡ್ತಿದ್ದೀನಿ."

"ನಿನ್ನ ಮಂಚಕ್ಕೆ ನನ್ನ ಕೋಣೇಲಿ ಏನು ಕೆಲಸ?"

"ನೀವು ಕೆಳಗೆ ಹೋಗ್ತಿದ್ದೀರಲ್ಲಮ್ಮ, ನನ್ನ ಮನೆಗೆ. ಎರಡೂ ಮನೆ ಒಂದೇ ಅಳತೆ. ಹಲ್ಲಿನ ಕಾರ್ಖಾನೆಗೂ ಕೋಣೆ ಇದೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬೇಡ ಎಂದೆ. ದುಡ್ಡು ಹೋದದ್ದಕ್ಕೆ ನೀವೊಬ್ಬರೇ ಕೈ ಎತ್ತಲಿಲ್ಲ, ಎಲ್ಲರೂ ಎತ್ತಿದ್ದೇವೆ ಎಂದೆ. ಅರವತ್ತೆಂಟು ವರ್ಷಕ್ಕೆ ಐದು ಮಹಡಿ ಹತ್ತುತ್ತೀರಾ ಎಂದು ಗದರಿದೆ.

"ಏಣಿ ಹತ್ತಿದ ಕಾಲಮ್ಮ ಇವು, ಇವಕ್ಕೆ ಮೆಟ್ಟಿಲು ಯಾವ ಲೆಕ್ಕ," ಎಂದರು. "ಇದರಲ್ಲಿ ತಪ್ಪುಕಾಣಿಕೆ ಏನಿಲ್ಲ. ಸುಮ್ನೆ ಲೆಕ್ಕ. ನಾಲ್ಕು ವರ್ಷ ಕಾಯೋ ಶಕ್ತಿ ನನಗಿದೆ, ಅಮ್ಮನಿಗಿಲ್ಲ. ಕಾಯೋಕೆ ಆಗೋನು ಮೇಲಿರ್ಬೇಕು, ಆಗದೇ ಇರೋರು ಕೆಳಗಿರ್ಬೇಕು."

"ಅದನ್ನ ನನ್ನ ಮುಂದೇನೇ ಹೇಳ್ಬೇಕಾ?" ಎಂದಳು ಅಮ್ಮ. ಆಮೇಲೆ, "ಕರೆಂಟ್ ಬಿಲ್ಲು ಯಾರ್ದು?"

"ಇರೋರ್ದು."

"ಸರಿ ಹಾಗಾದ್ರೆ. ಮಂಚ ಹಿಡಿಯುತ್ತೆ, ಕಿಟಕಿ ಕಡೆ ತಲೆ ಇಡ್ಬೇಡ, ಬಿಸಿಲು ಹೊಡೆಯುತ್ತೆ."

ನಾನು ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಟ್ಟೆ, ಅವರ ಎದುರು ನಿಲ್ಲಲಾಗಲಿಲ್ಲ. ಆ ಮನುಷ್ಯನ ಮೇಲೆ ನನಗೆ ಎಷ್ಟು ಕೋಪವಿತ್ತೋ ಅಷ್ಟೂ ಪ್ರೀತಿಯಾಗಿ ತಿರುಗಿಕೊಂಡಿತ್ತು. ಸಿಡುಕುವುದು ರೂಢಿಯಾದವಳಿಗೆ ಅದನ್ನು ಹೇಗೆ ಹೇಳಬೇಕೆಂದು ಗೊತ್ತಿರಲಿಲ್ಲ. ಕಾಫಿಗೆ ಸಕ್ಕರೆ ಜಾಸ್ತಿ ಹಾಕಿ ಕೊಟ್ಟೆ.

ಆ ಭಾನುವಾರ ಅಮ್ಮನನ್ನು ಇಳಿಸಿದೆವು. ಮತ್ತೆ ಹತ್ತಿಸುವುದಿಲ್ಲ ಎಂದು ಮಾತು ಕೊಟ್ಟರೆ ಮಾತ್ರ ಕುರ್ಚಿಯಲ್ಲಿ ಕೂರುತ್ತೇನೆ ಎಂದಳು. ಈ ಸಲ ಹುಕುಂ ಕೊಡುವವರು ಅಧ್ಯಕ್ಷರೊಬ್ಬರೇ. ಕುರ್ಚಿಯ ಮುಂದೆ ನಿಂತು ಹಿಂದಕ್ಕೆ ಹೆಜ್ಜೆಯಿಡುತ್ತ, ಹೊಸಬನಿಗೆ ಗಾಡಿ ಹಿಂದಕ್ಕೆ ತೆಗೆಯಲು ಕಲಿಸುವ ಹಾಗೆ ಕೈಯಾಡಿಸುತ್ತ, ಪ್ರತಿ ತಿರುವಿನಲ್ಲೂ ನಿಲ್ಲಿಸಿ ಇಳಿಸಿದರು. ಎದುರಿಗೆ ಮಾವ ತಮ್ಮ ಹಾಸಿಗೆ ಹೊತ್ತು ಹತ್ತುತ್ತಿದ್ದರು. ಎರಡನೆಯ ಮಹಡಿಯಲ್ಲಿ ಭೇಟಿಯಾಯಿತು; ಗೋಡೆಗೆ ಒತ್ತಿಕೊಂಡು ಅಮ್ಮನಿಗೆ ದಾರಿ ಬಿಟ್ಟರು.

ಕೆಳಗೆ ಬಂದ ಮೇಲೆ ಅಮ್ಮ ಹೊಸ ಮನೆಯ ಒಳಗೆ ಕಾಲಿಡಲಿಲ್ಲ. ಮನೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದಳು. ಊರುಗೋಲು ಒಂದು ಕೈಯಲ್ಲಿ, ನನ್ನ ಭುಜ ಇನ್ನೊಂದು ಕೈಯಲ್ಲಿ, ರಸ್ತೆ ದಾಟಿದಳು. ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದಳು. ತಲೆ ಎತ್ತದೆ ಅಕ್ಕನನ್ನು ನೋಡುವ ಅಭ್ಯಾಸ ಅವಳಿಗೆ ತಪ್ಪಿಹೋಗಿತ್ತು. ಒಂದು ಕ್ಷಣ ಮೇಲೆ ಕಿಟಕಿಯ ಕಡೆ ನೋಡಿದಳು.

"ಕುಳ್ಳಗಾಗಿದ್ದೀಯ," ಎಂದಳು ಚಿಕ್ಕಮ್ಮ.

"ನೀನು ದಪ್ಪಗಾಗಿದ್ದೀಯ. ಮೇಲಿಂದ ಗೊತ್ತಾಗ್ತಿರಲಿಲ್ಲ," ಎಂದಳು ಅಮ್ಮ.

ಒಳಗೆ ಹೋಗಿ ಒಂದೇ ಮಂಚದ ಮೇಲೆ ಕೂತರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ಕುತ್ತಿಗೆ ಹೇಗಿದೆ?"

"ಬೆಳಿಗ್ಗೆ ಹೇಳಿದ್ನಲ್ಲ."

"ಹೌದಲ್ವಾ."

ಎರಡು ವರ್ಷದ ಮಾತೆಲ್ಲ ಫೋನಿನಲ್ಲಿ ಆಗಿಹೋಗಿತ್ತು. ಇಬ್ಬರೂ ಗೋಡೆ ನೋಡಿದರು, ಫ್ಯಾನು ನೋಡಿದರು, ಗುಡಿಸಿದ ನೆಲ ನೋಡಿದರು.

"ಸರಿ, ನಾನು ಹೊರಡ್ತೀನಿ," ಎಂದಳು ಅಮ್ಮ. "ಮನೆಗೆ ಹೋಗಿ ಫೋನ್ ಮಾಡ್ತೀನಿ."

"ಮಾಡು," ಎಂದಳು ಚಿಕ್ಕಮ್ಮ.

ಅಮ್ಮ ಏಳಲಿಲ್ಲ. ಚಿಕ್ಕಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಿದ್ದಳು. ನಾನು ಸಾಮಾನು ಜೋಡಿಸಲು ಈಚೆ ಬಂದೆ. ಊಟಕ್ಕೆ ಕರೆಯಲು ಹೋದಾಗಲೂ ಬಿಟ್ಟಿರಲಿಲ್ಲ.